ಕ್ಯಾಂಪ್ ನಂಬರ್ ಮೂರು

ನಾನು ಪಟ್ಟಿ ಬರೆದು ಮಾಡಿಸಿದ ಕೆಲಸಗಳೆಲ್ಲ ಆಸ್ಪತ್ರೆಯಲ್ಲಿ ಸರಿಯಾಗಿಯೇ ನಡೆದಿವೆ; ಮನೆಯವರ ಜೊತೆ ಒಂದೂ ನಡೆದಿಲ್ಲ. ಹಣೆಬರಹ ಎಂದು ಯಜಮಾನರು ನಗುತ್ತಾರೆ. ಹಣೆಬರಹವಲ್ಲ. ಜನ ಓದುವುದಿಲ್ಲ, ಅಷ್ಟೇ. ಬರೆದುಕೊಟ್ಟದ್ದನ್ನು ಓದುವುದಿಲ್ಲ, ಓದಿದರೆ ಕೊನೆಯವರೆಗೆ ಓದುವುದಿಲ್ಲ, ಕೊನೆಯವರೆಗೆ ಓದಿದವರು ತಮಗೆ ಬೇಕಾದ ಅರ್ಥ ಮಾಡಿಕೊಳ್ಳುತ್ತಾರೆ. ಹಳಿಯಾಳದಲ್ಲಿ ಮೂವತ್ತೈದು ವರ್ಷ ನರ್ಸಾಗಿ, ಅದರಲ್ಲಿ ಕೊನೆಯ ಹನ್ನೆರಡು ವರ್ಷ ಮ್ಯಾಟ್ರನ್ ಆಗಿ ದುಡಿದು ನಿವೃತ್ತಳಾದವಳು ನಾನು. ನನ್ನ ವಾರ್ಡಿನಲ್ಲಿ ಒಂದು ಥರ್ಮಾಮೀಟರ್ ತನ್ನ ಜಾಗ ಬಿಟ್ಟು ಅಲುಗಾಡಿದ್ದಿಲ್ಲ. ಆದರೆ ನನ್ನ ಸ್ವಂತ ಮನೆಯ ಐದಾರು ಜನರನ್ನು ಒಂದು ಟೆಂಟಿನೊಳಗೆ ಮಲಗಿಸಲು ಹೊರಟಾಗ ಏನೇನಾಯಿತು ಎಂಬುದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಟೆಂಟು ನನ್ನ ಶೋಕಿಗಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಮುಂಡಗೋಡ ಕಡೆಯ ಒಕ್ಕಲುತನದ ಮನೆತನ. ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಓದಿಸುವುದೆಂದು ನಿರ್ಧರಿಸಿ ಅಪ್ಪ ನನ್ನನ್ನು ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಎಮ್ಮೆ ಕಾದಳು. ಹದಿಮೂರನೆಯ ವಯಸ್ಸಿಗೆ ನಾನು ಗೈಡ್ಸ್ ಕ್ಯಾಂಪಿಗೆ ಹೋಗಿ ಎರಡು ರಾತ್ರಿ ಟೆಂಟಿನಲ್ಲಿ ಮಲಗಿ ಬಂದೆ. ರಜೆಗೆ ಮನೆಗೆ ಬಂದವಳಿಗೆ ಬೇರೆ ಮಾತೇ ಇಲ್ಲ: ಗೂಟ, ಹಗ್ಗ, ಕ್ಯಾನ್ವಾಸಿನ ವಾಸನೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡು, "ಒಳಗ ಮಲಗಿದ್ರ ಆಕಾಶ ಕಾಣತೈತೇನು?" ಎಂದಳು. ಬಾಗಿಲ ಬದಿಗೆ ಮಲಗಿದವರಿಗೆ ಮಾತ್ರ ಕಾಣುತ್ತದೆ, ಆದರೆ ಅಲ್ಲಿ ಇಬ್ಬನಿ ಬೀಳುತ್ತದೆ, ಹಾಜರಿಗೆ ತಡವಾಗಿ ಬಂದವರಿಗೆ ಮದರ್ ಅದೇ ಜಾಗ ಶಿಕ್ಷೆಯಾಗಿ ಕೊಡುತ್ತಿದ್ದರು ಎಂದೆ. ಒಂದು ಸಲ ನಿನ್ನನ್ನೂ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟೆ.

ಆ ಬೇಸಿಗೆಯಲ್ಲೇ ಅಕ್ಕನ ಮದುವೆಯಾಯಿತು. ಆಮೇಲೆ ಆಕೆಗೆ ಹೊಲ, ಮಕ್ಕಳು, ನನಗೆ ಡ್ಯೂಟಿ. ನಲವತ್ತೇಳು ವರ್ಷ ಆಕೆ ಆ ಮಾತು ಎತ್ತಲಿಲ್ಲ. ನನ್ನ ನಿವೃತ್ತಿಯ ಸಮಾರಂಭದಲ್ಲಿ ನನಗೆ ಶಾಲು ಹೊದಿಸಿ, ಕಿವಿಯ ಹತ್ತಿರ ಬಾಗಿ, "ಇನ್ನರ ಟೆಂಟ್ ತೋರಸ್ತೀಯೇನು?" ಎಂದಳು.

ಕಾನ್ವೆಂಟಿನಲ್ಲಿ ಕಲಿತವಳು ಕೊಟ್ಟ ಮಾತಿಗೆ ತಪ್ಪಬಾರದು. ಮರುದಿನವೇ ಪಟ್ಟಿ ಬರೆಯಲು ಕೂತೆ.

ಗುಂಪಿನ ಹೆಸರು

ಅಕ್ಕ, ನಾನು, ನನ್ನ ಯಜಮಾನರು, ಹಳಿಯಾಳದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ತಮ್ಮ ಮತ್ತು ಅವನ ಹೆಂಡತಿ, ಇಷ್ಟು ಜನ ಖಂಡಿತ. ಬಯಸಿದರೆ ದೊಡ್ಡಪ್ಪನ ಮಗನೂ ಬರಲಿ ಎಂದು ಫೋನಿನಲ್ಲಿ ಒಂದು ಗುಂಪು ಮಾಡುವುದಾಯಿತು. ಗುಂಪಿಗೆ "ಫ್ಯಾಮಿಲಿ ಕ್ಯಾಂಪ್ ಪ್ಲಾನಿಂಗ್" ಎಂದು ಹೆಸರಿಡಲು ಯಜಮಾನರಿಗೆ ಹೇಳಿ ನಾನು ಅಡಿಗೆಮನೆಗೆ ಹೋದೆ. ಅವರು ನಿವೃತ್ತ ಚಿತ್ರಕಲಾ ಶಿಕ್ಷಕರು. ಅಕ್ಷರಗಳು ಚಂದ ಕಂಡರೆ ಸಾಕು, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಅವರಿಗೆ ಮುಖ್ಯವಲ್ಲ. ಮೂರು ಶಬ್ದಗಳಲ್ಲಿ ಎರಡನ್ನು ಅದಲುಬದಲು ಮಾಡಿ "ಫ್ಯಾಮಿಲಿ ಪ್ಲಾನಿಂಗ್ ಕ್ಯಾಂಪ್" ಎಂದು ಬರೆದರು. ಕೆಳಗೆ ನನ್ನ ಪರವಾಗಿ, ಎಲ್ಲರೂ ಕಡ್ಡಾಯವಾಗಿ ಭಾಗವಹಿಸತಕ್ಕದ್ದು ಎಂದೂ ಸೇರಿಸಿದರು. ಅದು ಮಾತ್ರ ನಾನು ಹೇಳಿದಂತೆಯೇ ಇತ್ತು.

ಸಂತಾನಹರಣ ಶಸ್ತ್ರಕ್ರಿಯೆಯ ಎಷ್ಟು ಶಿಬಿರಗಳನ್ನು ನಾನು ನಿಂತು ನಡೆಸಿದ್ದೇನೆಂದು ಈ ತಾಲೂಕಿಗೆ ಗೊತ್ತು. ತಮ್ಮನ ಹೆಂಡತಿ ಆ ಹೆಸರು ಓದಿ ತನ್ನ ತವರಿಗೆ ಫೋನು ಮಾಡಿದಳಂತೆ. ಅವಳ ತಾಯಿ, ಮ್ಯಾಟ್ರನ್ ಬಾಯಿಯವರು ನೌಕರಿ ಬಿಟ್ಟರೂ ಅಭ್ಯಾಸ ಬಿಟ್ಟಿಲ್ಲ ಎಂದರಂತೆ. ನನಗೆ ಕೋಪ ಬಂದದ್ದು ಅದಕ್ಕಲ್ಲ. ಒಬ್ಬರೂ, ಇದು ತಪ್ಪು, ತಿದ್ದಿ ಎಂದು ನನಗೆ ಹೇಳಲಿಲ್ಲ. ಮೂರು ದಿನ ಆ ಹೆಸರು ಹಾಗೇ ತೂಗಾಡಿತು. ದೊಡ್ಡಪ್ಪನ ಮಗನಿಗೆ ಅರವತ್ತಮೂರು ವರ್ಷ. ಗುಂಪಿಗೆ ಸೇರಿಸಿದ ಹತ್ತು ನಿಮಿಷದಲ್ಲಿ ಹೊರಗೆ ಹೋದವನು, ಹೋಗುವ ಮೊದಲು ನನಗೆ ಪ್ರತ್ಯೇಕವಾಗಿ ಒಂದು ಸಾಲು ಬರೆದಿದ್ದ: "ಬಾಯಾರ, ನಂದು ಹಿಂದ ನಿಮ್ಮ ಕ್ಯಾಂಪಿನ್ಯಾಗ ಆಗೇತ್ರಿ. ಇನ್ನೊಮ್ಮೆ ಬ್ಯಾಡ್ರಿ."

ಎಲ್ಲ ಅರೇಂಜ್ ಆಗುತ್ತದೆ

ಜೊಯಿಡಾ ಕಡೆ, ಸೂಪಾ ಆಣೆಕಟ್ಟು ದಾಟಿ ಮುಂದೆ ಕಾಡಿನಲ್ಲಿ ಟೆಂಟುಗಳಿರುವ ಒಂದು ರಿಸಾರ್ಟು ತಮ್ಮನಿಗೆ ಯಾರೋ ಹೇಳಿದರು. ಬುಕ್ ಮಾಡುವ ಮೊದಲು ನಾನೇ ಫೋನು ಮಾಡಿ ವಿಚಾರಿಸಿದೆ. ಆಸ್ಪತ್ರೆಗೆ ಹೊಸ ಹಾಸಿಗೆ ತರಿಸುವಾಗಲೂ ನಾನು ಹೀಗೆಯೇ ವಿಚಾರಿಸುತ್ತಿದ್ದೆ. ಮ್ಯಾನೇಜರ್ ಎಂಬ ಮನುಷ್ಯ ಬಹಳ ವಿನಯದಿಂದ ಮಾತಾಡಿದ. ವಿನಯ ನೋಡಿ ನನಗೆ ಆಗಲೇ ಸಂಶಯ ಬರಬೇಕಿತ್ತು.

ಶೌಚಾಲಯ ಇದೆಯೇ ಎಂದೆ. ಅರೇಂಜ್ ಮಾಡ್ತೀವಿ ಮೇಡಂ ಎಂದ. ಬಿಸಿನೀರು? ಅದನ್ನೂ ಅರೇಂಜ್ ಮಾಡ್ತೀವಿ. ಖಾರ ಕಡಿಮೆ ಹಾಕಿದ ಊಟ? ಅರೇಂಜ್ ಮಾಡ್ತೀವಿ. ಈ ಮನುಷ್ಯ ನನ್ನ ಪ್ರಶ್ನೆ ಕೇಳಿಸಿಕೊಳ್ಳುತ್ತಿಲ್ಲ ಎಂದು ಅನುಮಾನ ಬಂದು, ಅಲ್ಲಿ ಸೊಳ್ಳೆಗಳಿವೆಯೇ ಎಂದೆ.

"ಅರೇಂಜ್ ಮಾಡ್ತೀವಿ ಮೇಡಂ."

ಜಿಗಣೆ? ಅದೂ ಆಗುತ್ತದೆ, ಮಳೆಗಾಲದಲ್ಲಾದರೆ ಇನ್ನೂ ಚೆನ್ನಾಗಿ ಆಗುತ್ತದೆ ಎಂದ. ನನ್ನ ಧ್ವನಿ ಗಡುಸಾಯಿತು. ನಾನು ಬಹಳ ಸ್ಪಷ್ಟವಾಗಿ, ಒಂದೊಂದೇ ಶಬ್ದ ಬಿಡಿಸಿ, ಅರವತ್ತನಾಲ್ಕು ವರ್ಷದ ನಮ್ಮ ಅಕ್ಕ ಬರುವವರಿದ್ದಾರೆ, ಹೊಳೆಯಲ್ಲಿ ಮೊಸಳೆ ಇದೆಯೇ ಇಲ್ಲವೇ, ಅಷ್ಟು ಹೇಳಿ ಎಂದೆ.

ಆತ ಸ್ವಲ್ಪ ಯೋಚಿಸಿ, "ಇದೆ ಮೇಡಂ, ಆದ್ರೆ ಅದು ಪ್ಯಾಕೇಜಲ್ಲಿ ಬರಲ್ಲ" ಎಂದ.

ಅತ್ತಿವೇರಿಯ ಮಂಟಪ

ತಾಲೀಮಿಲ್ಲದೆ ಯಾವ ಕೆಲಸಕ್ಕೂ ಇಳಿಯಬಾರದು ಎಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಜೊಯಿಡಾಕ್ಕೆ ಹೋಗುವ ಹದಿನೈದು ದಿನ ಮೊದಲು ಒಂದು ಹಗಲು ಅತ್ತಿವೇರಿಯಲ್ಲಿ ಸೇರಿ, ಟೆಂಟು ಹೊಡೆದು, ಬಿಚ್ಚಿ, ಸುತ್ತಿಡುವುದನ್ನು ಎಲ್ಲರೂ ಕಲಿಯತಕ್ಕದ್ದು ಎಂದು ನಿರ್ಣಯಿಸಿದೆ. ಅಲ್ಲಿ ಕೆರೆಯಿದೆ, ಪಕ್ಷಿಧಾಮವಿದೆ, ಅಕ್ಕನಿಗೂ ಹತ್ತಿರ. ಒಂದು ಟೆಂಟು ತರುವ ಕೆಲಸ ತಮ್ಮನಿಗೆ ವಹಿಸಿದೆ. ಸಣ್ಣದು ಸಾಕೇ ದೊಡ್ಡದು ಬೇಕೇ ಎಂದು ಅವನು ಕೇಳಿದ. ಐದು ಜನಕ್ಕೆ ಸಾಲುವಂಥದ್ದು ಎಂದೆ. ಊಟಕ್ಕೇನು ಎಂದ. ಊಟ ಅಲ್ಲಿಯೇ ಎಂದೆ. ಇದರಲ್ಲಿ ನನ್ನ ಮಾತೇನು ತಪ್ಪಿತ್ತು ಎಂದು ಇವತ್ತಿಗೂ ಕೇಳುತ್ತೇನೆ.

ನಾವು ಅತ್ತಿವೇರಿ ಮುಟ್ಟುವಷ್ಟರಲ್ಲಿ ಗೇಟಿನ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದರ ತುಂಬ ಬಿದಿರ ಕಂಬ, ಕೆಂಪು ಹಳದಿ ಬಟ್ಟೆ, ಜರಿಯ ಝಾಲರು, ಒಂದರ ಮೇಲೊಂದು ಪೇರಿಸಿದ ಕುರ್ಚಿ, ಎರಡು ಸ್ಪೀಕರು. ಹಳಿಯಾಳದಲ್ಲಿ ಮದುವೆಗೆ ಚಪ್ಪರ ಹಾಕುವವರ ಅಂಗಡಿಗೆ ಟೆಂಟ್ ಹೌಸ್ ಎಂಬ ಫಲಕ ಇರುತ್ತದೆ. ತಮ್ಮ ನೇರವಾಗಿ ಅಲ್ಲಿಗೆ ಹೋಗಿ ಟೆಂಟು ಹೇಳಿ ಬಂದಿದ್ದ. ಊಟ ಅಲ್ಲಿಯೇ ಎಂದದ್ದಕ್ಕೆ ದೊಡ್ಡ ಪಾತ್ರೆಗಳೂ ಬಂದಿದ್ದವು.

ಪಕ್ಷಿಧಾಮದ ಕಾವಲುಗಾರ ನಮ್ಮನ್ನು ಒಳಗೆ ಬಿಡಲಿಲ್ಲ. ಆತ ಮಾಡಿದ್ದು ಸರಿ. ಗೂಡು ಕಟ್ಟಿದ ಹಕ್ಕಿಗಳ ನಡುವೆ ಸ್ಪೀಕರು ಹಚ್ಚುವುದು ಯಾವ ಸಭ್ಯತೆ? ಆದರೆ ಆತ ತಪ್ಪು ಮಾಡಿದವನನ್ನು ಬಿಟ್ಟು ನನ್ನ ಕಡೆ ತಿರುಗಿ, "ಹಕ್ಕಿಗೋಳಿಗೆ ಮದಿವಿ ಕಾರ್ಡ್ ಕೊಟ್ಟೀರೇನ್ರಿ ಬಾಯಾರ?" ಎಂದು ಕೇಳಿದ್ದು ಸರಿಯಲ್ಲ.

ಅಕ್ಕ ಬೆಳಿಗ್ಗೆಯೇ ಬಂದು ಕಾಯುತ್ತಿದ್ದಳು. ಹಾಸಿಗೆಯ ಸುರುಳಿ ಬಗಲಲ್ಲಿ, ಹೊಸ ಇಳಕಲ್ ಸೀರೆ. ಟ್ರ್ಯಾಕ್ಟರಿನಿಂದ ಇಳಿಸಿದ ಒಂದು ಕೆಂಪು ಕುರ್ಚಿಯಲ್ಲಿ ಕೂತು, ಗಾಳಿಗೆ ಹಾರುತ್ತಿದ್ದ ಝಾಲರನ್ನು ಬಹಳ ಹೊತ್ತು ನೋಡಿದಳು. ಇದೇನಾ ಟೆಂಟು ಎಂದು ತಮ್ಮನನ್ನು ಕೇಳಿದಳು. ಅವನು ಹೌದು ಎಂದ. ಆಕೆ ನನ್ನ ಕಡೆ ನೋಡಿದ ನೋಟ ನನಗೆ ಈಗಲೂ ಮರೆತಿಲ್ಲ. ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ, ಸಮಾಧಾನದಿಂದ ಹೇಳಿದಳು:

"ಇದಕ್ಕ ನಲವತ್ತೇಳು ವರ್ಷ ಕಾದ್ನೇನ ತಂಗಿ? ಇದರಾಗ ನಾ ನೂರು ಮದಿವಿ ಉಂಡೇನಿ."

ಹದಿನಾಲ್ಕು ನಿಯಮಗಳು

ಇನ್ನು ಬಾಯಿಮಾತಿನ ವ್ಯವಹಾರ ಬೇಡವೆಂದು ನಿಯಮಗಳನ್ನು ಬರೆದು, ಹಾಳೆಗಳನ್ನು ಟೈಪು ಮಾಡಿಸಿ ಎಲ್ಲರಿಗೂ ಒಂದೊಂದು ಕಳಿಸಿದೆ. ಒಬ್ಬರಿಗೆ ಒಂದೇ ಚೀಲ. ಕೊಟ್ಟದ್ದನ್ನು ದೂರದೆ ತಿನ್ನತಕ್ಕದ್ದು, ಕುಡಿಯತಕ್ಕದ್ದು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ರತಿಯೊಬ್ಬರೂ ತಮಗೆ ಗೊತ್ತುಪಡಿಸಿದ ಕ್ಯಾಂಪಿನಲ್ಲಿ ಹಾಜರಿರತಕ್ಕದ್ದು. ಹನ್ನೆರಡು ಎಂದರೆ ಹನ್ನೆರಡು. ತಡವಾಗಿ ಬಂದವರು ಬಾಗಿಲ ಬದಿಗೆ ಮಲಗತಕ್ಕದ್ದು. ಇದು ನಮ್ಮ ಮದರ್ ಹಾಕಿದ್ದ ನಿಯಮ; ಅದನ್ನು ಹಾಗೆಯೇ ಇಟ್ಟೆ.

ಕೆಳಗೆ ಯಾರು ಎಲ್ಲಿ ಮಲಗಬೇಕೆಂಬ ಪಟ್ಟಿ. ಟೆಂಟು ಎಂಬ ಶಬ್ದದಿಂದ ಆದ ಅನಾಹುತ ನೋಡಿದ್ದೆನಲ್ಲ, ಈ ಸಲ ಆ ಶಬ್ದವನ್ನೇ ಕೈಬಿಟ್ಟೆ. ಕ್ಯಾಂಪ್ ನಂಬರ್ ಒಂದು: ತಮ್ಮ ಮತ್ತು ಅವನ ಹೆಂಡತಿ. ಕ್ಯಾಂಪ್ ನಂಬರ್ ಎರಡು: ಯಜಮಾನರು, ಮತ್ತು ಗಾಡಿ ಓಡಿಸುವವನು. ಕ್ಯಾಂಪ್ ನಂಬರ್ ಮೂರು: ಅಕ್ಕ ಮತ್ತು ನಾನು.

ಈ ಹಾಳೆಗೆ ಸಿಕ್ಕ ಮರ್ಯಾದೆ ಹೇಳುತ್ತೇನೆ. ಯಜಮಾನರು ಹಿಂಬದಿಗೆ ಒಂದು ಮೊಸಳೆಯ ಚಿತ್ರ ಬರೆದರು. ತಮ್ಮನ ಹೆಂಡತಿ ಒಂದೇ ಚೀಲ ತರುತ್ತೇನೆಂದು ಒಪ್ಪಿ, ಗೋಧಿ ತುಂಬುವ ಚೀಲ ತಂದಳು. ಅದರಲ್ಲಿ ಅರವತ್ತು ರೊಟ್ಟಿ, ಮೂರು ಬಗೆಯ ಚಟ್ನಿಪುಡಿ, ಒಂದು ಹಂಚು, ಒಂದು ಒರಳಕಲ್ಲು. ಕಾಡಿನಲ್ಲಿ ಒರಳು ಏಕೆ ಎಂದೆ. ಮೊಸಳೆ ಪ್ಯಾಕೇಜಿನಲ್ಲಿ ಇಲ್ಲವೆಂದರೆ ಒರಳು ಇರುತ್ತದೆಯೇ ಎಂದು ಕೇಳಿದಳು.

ಹಾಳೆ ಓದಿದವಳು ಅಕ್ಕ ಒಬ್ಬಳೇ. ನಾಲ್ಕನೆಯ ಇಯತ್ತೆಯ ವಿದ್ಯೆ. ಅಕ್ಷರದ ಕೆಳಗೆ ಬೆರಳಿಟ್ಟು ಎರಡು ದಿನ ಓದಿದಳಂತೆ. ಗುರುವಾರ ನನಗೆ ಫೋನು ಮಾಡಿ ಎರಡು ಅನುಮಾನ ಕೇಳಬೇಕೆಂದಳು. ನಾನು ಆಗ ಇಸ್ತ್ರಿ ಮಾಡುತ್ತಿದ್ದೆ. ಅನುಮಾನಕ್ಕೆ ಜಾಗವೇ ಇಲ್ಲದಂತೆ ಬರೆದಿದ್ದೇನೆ, ಎಲ್ಲ ಹಾಳೆಯಲ್ಲಿದೆ, ಅದರ ಪ್ರಕಾರ ನಡೆದರಾಯಿತು ಎಂದೆ. ಆಕೆ ಆಗಲಿ ಎಂದಳು. ಆಕೆಯನ್ನು ಮುಂಡಗೋಡದಿಂದ ಕರೆತರುವುದು ತಮ್ಮನ ಜವಾಬ್ದಾರಿ. ಶನಿವಾರ ಬೆಳಿಗ್ಗೆ ಅವನು ಹೆಂಡತಿಯೊಂದಿಗೆ ಮಾತ್ರ ಗಾಡಿ ಹತ್ತಿದ್ದನ್ನು ಕಂಡು, ಅಕ್ಕ ಎಲ್ಲಿ ಎಂದೆ.

"ಫೋನ್ ಮಾಡಿದ್ನಿ. ಆಟೋ ಹೇಳೀನಿ, ನೀವೇನ ಬರಬ್ಯಾಡ್ರಿ ಅಂದ್ಲು" ಎಂದ.

ಮುಂಡಗೋಡದಿಂದ ಜೊಯಿಡಾಕ್ಕೆ ಯಾವ ಆಟೋ ಬರುತ್ತದೆ, ಒಂದು ಹಗಲು ಬೇಕು ಎಂದೆ. ಅವನು ಸ್ವಲ್ಪವೂ ನಾಚದೆ, ಹೇಗೋ ಬರುತ್ತಾಳೆ, ಹನ್ನೆರಡರೊಳಗೆ ಮುಟ್ಟುತ್ತೇನೆ ಎಂದಿದ್ದಾಳೆ ಎಂದ.

ಪಾಸ್‌ಪೋರ್ಟ್

ನಮ್ಮ ಗಾಡಿ ಓಡಿಸಿದವನು ಹಳಿಯಾಳದ ಹತ್ತಿರದ ಹಳ್ಳಿಯ ಒಬ್ಬ ಸಿದ್ದಿ. ಅವರ ಪೂರ್ವಿಕರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರು. ಇವನ ತಾಯಿ ಮಾತ್ರ ನಮ್ಮ ಆಸ್ಪತ್ರೆಯ ಆರನೆಯ ಹಾಸಿಗೆಯಲ್ಲಿ ಇವನನ್ನು ಹೆತ್ತವಳು. ಹುಟ್ಟಿದ ತಕ್ಷಣ ತೂಕ ಮಾಡಿ ಬರೆದುಕೊಂಡವಳು ನಾನು. ಸಮಯಕ್ಕೆ ಸರಿಯಾಗಿ ಬರುವ, ಹಾರ್ನು ಕಡಿಮೆ ಮಾಡುವ ಮನುಷ್ಯ.

ರಿಸಾರ್ಟಿನಲ್ಲಿ ಇಳಿದಾಗ ಹನ್ನೊಂದೂವರೆ. ಫೋನಿನಲ್ಲಿ ಮಾತಾಡಿದ್ದ ಅದೇ ಮ್ಯಾನೇಜರ್ ನಮ್ಮನ್ನೆಲ್ಲ ಬಿಟ್ಟು ಇವನ ಮುಂದೆ ಕೈಮುಗಿದು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದ. ಯಾವ ದೇಶದವರು ಎಂದು ಕೇಳಿದ. ಹಳಿಯಾಳ ತಾಲೂಕು ಎಂದ ನಮ್ಮವನು. ಆತನಿಗೆ ಅದು ಕಿವಿಗೆ ಬೀಳಲೇ ಇಲ್ಲ. ಪರದೇಶದವರಿಗೆ ಬೇರೆ ರಿಜಿಸ್ಟರ್ ಇದೆ, ಪಾಸ್‌ಪೋರ್ಟ್ ಕೊಡಿ ಎಂದು ಕೈಚಾಚಿದ.

"ಪಾಸ್‌ಪೋರ್ಟ್ ಇಲ್ರಿ. ರೇಷನ್ ಕಾರ್ಡ್ ಐತಿ, ನಡೀತೈತೇನು?"

ನನ್ನ ರಕ್ತ ಕುದಿಯಿತು. ನಾನು ಮ್ಯಾನೇಜರನ ಮುಂದೆ ನಿಂತು, ವಾರ್ಡಿನಲ್ಲಿ ಬಳಸುತ್ತಿದ್ದ ಧ್ವನಿಯಲ್ಲಿ, ಈತ ಹುಟ್ಟಿದಾಗಿನ ತೂಕ ಎಷ್ಟೆಂದು ಬೇಕಾದರೂ ಹೇಳುತ್ತೇನೆ, ತಾವು ಇಲ್ಲಿಗೆ ಯಾವಾಗ ಬಂದವರು ಎಂದು ಕೇಳಿದೆ. ಮೂರು ತಿಂಗಳಾಯಿತು ಎಂದು ತಡವರಿಸಿದ. ಕ್ಷಮೆ ಕೇಳಿಸಿಯೇ ಬಿಡುವವಳಿದ್ದೆ. ಅಷ್ಟರಲ್ಲಿ ನಮ್ಮ ಚಾಲಕ ಆ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು, ಪೆನ್ನು ತೆರೆದು, ಬಹಳ ಆದರದಿಂದ ಕೇಳಿದ:

"ಮೂರ ತಿಂಗಳಾತ್ರಿ? ಹಂಗಾರ ನಿಮ್ಮ ಹೆಸರು ಬರಿಯೂಣು. ಯಾವ ದೇಶಾರಿ ನಿಮ್ಮದು?"

ಚಿತ್ರದ ಹಗ್ಗ

ಟೆಂಟುಗಳು ದೂರದಿಂದ ಬಹಳ ಚೆನ್ನಾಗಿ ಕಂಡವು. ಕಾಡಿನ ಅಂಚಿಗೆ ಮೂರು ಹಸಿರು ತ್ರಿಕೋನಗಳು. ಹತ್ತಿರ ಹೋಗಿ, ಬಟ್ಟೆ ಎಷ್ಟು ದಪ್ಪವಿದೆ ನೋಡೋಣವೆಂದು ಬೆರಳಿನಿಂದ ಮುಟ್ಟಿದೆ. ಬೆರಳು ನೊಂದಿತು. ಸಿಮೆಂಟು. ನೆಲದಿಂದ ತುದಿಯವರೆಗೆ ಗಟ್ಟಿ ಸಿಮೆಂಟಿನ ಕೋಣೆಗೆ ಹಸಿರು ಬಣ್ಣ ಬಳಿದು ಅದನ್ನು ಟೆಂಟು ಎಂದು ಬಾಡಿಗೆಗೆ ಕೊಡುತ್ತಿದ್ದರು. ಇದು ಮೋಸ ಎಂದೆ. ಮಳೆಗೆ ಹರಿಯುವುದಿಲ್ಲ ಮೇಡಂ ಎಂದ ಮ್ಯಾನೇಜರ್. ಹಗ್ಗ ಎಲ್ಲಿ, ಗೂಟ ಎಲ್ಲಿ ಎಂದೆ. ಆತ ಗೋಡೆಯ ಬದಿಗೆ ಕರೆದೊಯ್ದು ತೋರಿಸಿದ. ಹಗ್ಗವನ್ನೂ ಗೂಟವನ್ನೂ ಕಂದು ಬಣ್ಣದಲ್ಲಿ ಗೋಡೆಯ ಮೇಲೆ ಬರೆದಿದ್ದರು. ಯಜಮಾನರು ಕನ್ನಡಕ ಏರಿಸಿ ನೋಡಿ, ಗಂಟು ಮಾತ್ರ ಸರಿಯಾಗಿ ಬಂದಿದೆ ಎಂದು ಮೆಚ್ಚಿದರು. ಆ ಕ್ಷಣ ಅವರ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಕ್ಯಾಂಪ್ ನಂಬರ್ ಮೂರರ ಒಳಗೆ ಹೋದೆ. ಎಸಿ, ಟಿವಿ, ಗೋಡೆಗೆ ಜಿಂಕೆ. ಅಕ್ಕ ಇಲ್ಲಿ ಬಂದು ಮಲಗಿ ಆಕಾಶ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ? ಮ್ಯಾನೇಜರನಿಗೆ ಅದನ್ನೇ ಕೇಳಿದೆ. ಆತ ದೀಪ ಆರಿಸಿ, ಮೇಲೆ ನೋಡಿ ಎಂದ. ಸೂರಿನ ತುಂಬ ಹೊಳೆಯುವ ಪ್ಲಾಸ್ಟಿಕ್ಕಿನ ನಕ್ಷತ್ರಗಳು.

"ನೋಡಿ ಮೇಡಂ, ಮೋಡ ಇದ್ರೂ ಕಾಣ್ತವೆ."

ಇಬ್ಬರೂ ಅಲ್ಲೇ

ಹನ್ನೆರಡಾಯಿತು. ಒಂದಾಯಿತು. ಅಕ್ಕ ಬರಲಿಲ್ಲ. ತಮ್ಮನ ಹೆಂಡತಿ ರೊಟ್ಟಿ ಬಿಚ್ಚಿದಳು. ನಾನು ಗೇಟಿನ ಹತ್ತಿರ ನಿಂತು ದಾರಿ ಕಾಯ್ದೆ. ಅಷ್ಟು ದೂರದ ಘಟ್ಟದ ದಾರಿ, ಒಂಟಿ ಹೆಂಗಸು, ಮೂರು ಗಾಲಿಯ ಆಟೋ. ಫೋನಿಗೆ ಆ ಕಾಡಿನಲ್ಲಿ ಸಿಗ್ನಲ್ ಇಲ್ಲ. ಚಾಲಕ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಸೂಪಾ ಆಣೆಕಟ್ಟಿನ ಹತ್ತಿರದ ತಿರುವಿಗೆ ಬಂದ. ಅಲ್ಲಿ ಗಾಡಿ ನಿಲ್ಲಿಸುವ ಮೊದಲೇ ಫೋನು ಬಡಿದುಕೊಂಡಿತು. ಅಕ್ಕನದೇ.

"ಎಲ್ಲಿದ್ದಿ ನೀ? ಹನ್ನೆರಡು ಹೊಡದು ಎಷ್ಟೊತ್ತಾತು."

ಎದೆಯ ಭಾರ ಇಳಿದ ಕೂಡಲೇ ನನಗೆ ಸಿಟ್ಟು ಬಂತು. ನೀನು ಎಲ್ಲಿದ್ದೀ, ಅದನ್ನು ಹೇಳು ಎಂದೆ.

"ನಾ ಕ್ಯಾಂಪ್ ನಂಬರ್ ಮೂರರಾಗ ಅದೀನಿ. ಹನ್ನೆರಡಕ್ಕ ಐದು ಮಿನಿಟ್ ಇದ್ದಾಗ ಬಂದೀನಿ."

ಸಾಧ್ಯವೇ ಇಲ್ಲ, ಕ್ಯಾಂಪ್ ನಂಬರ್ ಮೂರರಿಂದ ನಾನು ಈಗಷ್ಟೇ ಹೊರಗೆ ಬಂದಿದ್ದೇನೆ, ಅಲ್ಲಿ ಯಾರೂ ಇಲ್ಲ ಎಂದೆ. ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ನೀನೇ ಕಾಣುತ್ತಿಲ್ಲ ಎಂದಳು. ಸುಳ್ಳು ಹೇಳುವ ವಯಸ್ಸೇ ನಿನ್ನದು ಎಂದು ನಾನು. ಕಣ್ಣು ತೋರಿಸಿಕೊಳ್ಳುವ ವಯಸ್ಸು ನಿನ್ನದು ಎಂದು ಆಕೆ. ಆಣೆಕಟ್ಟು ನೋಡಲು ಬಂದಿದ್ದ ಎರಡು ಸಂಸಾರಗಳು ನೀರು ನೋಡುವುದನ್ನು ಬಿಟ್ಟು ನನ್ನನ್ನು ನೋಡತೊಡಗಿದವು. ಕೊನೆಗೆ, ನಿನ್ನ ಸುತ್ತ ಏನೇನು ಕಾಣುತ್ತದೆ, ಕ್ರಮವಾಗಿ ಹೇಳು ಎಂದೆ.

"ಗುಡಿ ಐತಿ, ದೊಡ್ಡದು, ಬಂಗಾರ ಬಣ್ಣದ್ದು. ಸ್ವಾಮಿಗೋಳು ಅದಾರ, ಎಲ್ಲಾರೂ ಕೆಂಪ ಅರಿವಿ, ಎಲ್ಲಾರೂ ಬೋಳ ತಲಿ. ಛಲೋ ಮಂದಿ."

ಸ್ಟೀರಿಂಗ್ ಮೇಲೆ ತಲೆಯಿಟ್ಟು ಚಾಲಕ ನಗುತ್ತಿದ್ದ. ಸಾಕಾದ ಮೇಲೆ ಕಣ್ಣೊರೆಸಿಕೊಂಡು, "ಬಾಯಾರ, ಕ್ಯಾಂಪ್ ನಂಬರ್ ಮೂರು ಅಂದ್ರ ಮುಂಡಗೋಡದಾಗ ಟಿಬೇಟಿನವರ ಊರಲ್ರಿ" ಎಂದ.

ಅವನು ಹೇಳಬೇಕಾಗಿರಲಿಲ್ಲ. ಮುಂಡಗೋಡದ ಮಣ್ಣಿನಲ್ಲಿ ಹುಟ್ಟಿದವಳು ನಾನು. ಟಿಬೇಟಿನವರು ಬಂದು ನೆಲೆಸಿದ ಆ ಊರುಗಳಿಗೆ ನಮ್ಮ ಕಡೆ ಹೆಸರಿಲ್ಲ, ನಂಬರು. ಕ್ಯಾಂಪ್ ಒಂದು, ಕ್ಯಾಂಪ್ ಎರಡು ಎಂದರೆ ಆಟೋದವರು ಮರುಮಾತಿಲ್ಲದೆ ಹೊರಡುತ್ತಾರೆ. ಹದಿನಾಲ್ಕು ನಿಯಮ ಬರೆದ ನನ್ನ ಹಾಳೆಯಲ್ಲಿ ಜೊಯಿಡಾ ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಎಲ್ಲರಿಗೂ ಗೊತ್ತು ಎಂದು ಬಿಟ್ಟಿದ್ದೆ. ಅದು ಗೊತ್ತಿದ್ದದ್ದು ಫೋನಿನ ಗುಂಪಿನಲ್ಲಿದ್ದವರಿಗೆ. ಅಕ್ಕನದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಗುಂಪು ಬರುವುದಿಲ್ಲ. ಗುರುವಾರ ಆಕೆ ಕೇಳಬೇಕೆಂದಿದ್ದ ಎರಡು ಅನುಮಾನಗಳಲ್ಲಿ ಒಂದು ಏನಿತ್ತೆಂದು ಆಣೆಕಟ್ಟಿನ ಕಟ್ಟೆಯ ಮೇಲೆ ನಿಂತು ನನಗೆ ಹೊಳೆಯಿತು. ಈ ವಿಷಯದಲ್ಲಿ ತಪ್ಪು ಯಾರದೆಂದು ನಾನು ಬೇರೆಯವರ ಬಾಯಿಂದ ಕೇಳಲು ಸಿದ್ಧಳಿಲ್ಲ.

ಉಳಿದವರು ಸಿಮೆಂಟಿನ ಟೆಂಟಿನಲ್ಲಿ ನಿದ್ದೆ ಮಾಡಲಿ ಎಂದು ಬಿಟ್ಟು, ದಾಂಡೇಲಿ, ಹಳಿಯಾಳ, ಕಲಘಟಗಿ ದಾಟಿ ಮುಂಡಗೋಡಕ್ಕೆ ಬಂದೆವು. ದಾರಿಯುದ್ದಕ್ಕೂ ಬೈಗುಳವನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ. ಕ್ಯಾಂಪ್ ನಂಬರ್ ಮೂರರ ಅಂಚಿನ ಬಯಲಿಗೆ ತಲುಪುವಾಗ ಹೊತ್ತು ಮುಳುಗುತ್ತಿತ್ತು.

ಬಯಲಿನಲ್ಲಿ ಒಂದು ಟೆಂಟು. ಬಿಳಿಯ ದಪ್ಪ ಬಟ್ಟೆ, ಅದರ ಮೇಲೆ ನೀಲಿ ಬಳ್ಳಿಯ ಹೊಲಿಗೆ, ನಾಲ್ಕೂ ಕಡೆ ಹಗ್ಗ, ಹಗ್ಗಕ್ಕೆ ಗೂಟ. ಮುಟ್ಟಿ ನೋಡಿದೆ. ಬಟ್ಟೆ. ಮೂಗು ಹತ್ತಿರ ಒಯ್ದೆ. ಗೈಡ್ಸ್ ಕ್ಯಾಂಪಿನಲ್ಲಿದ್ದ ಅದೇ ವಾಸನೆ. ನಾನು ಜೋಡಿಸಿಕೊಂಡ ಬೈಗುಳ ಅಲ್ಲಿಗೇ ನಿಂತಿತು.

ಒಳಗೆ ಅಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎದುರಿಗೆ ಆಕೆಯದೇ ವಯಸ್ಸಿನ ಒಬ್ಬ ಟಿಬೇಟಿನ ಹೆಂಗಸು. ಚಳಿಗಾಲದಲ್ಲಿ ಹುಬ್ಬಳ್ಳಿಯ ರಸ್ತೆಯಲ್ಲಿ ಸ್ವೆಟರ್ ಮಾರಿ ಕಲಿತ ಕನ್ನಡದಲ್ಲಿ ಆಕೆ ನನಗೂ, "ಬರ್ರಿ, ಕುಂದರ್ರಿ" ಎಂದಳು. ಮರುದಿನ ಆ ಮನೆಯವರೆಲ್ಲ ಸೇರಿ ಬಯಲೂಟ ಮಾಡುವವರಿದ್ದರು, ಅದಕ್ಕಾಗಿ ಟೆಂಟು ಹೊಡೆದಿದ್ದರು. ಮಧ್ಯಾಹ್ನ ಯಾರೋ ಒಬ್ಬಳು ಹಾಸಿಗೆ ಸುರುಳಿ ಹಿಡಿದು ಆಟೋದಿಂದ ಇಳಿದು, ನಾನು ಟೆಂಟಿನಲ್ಲಿ ಮಲಗಲು ಬಂದಿದ್ದೇನೆ ಎಂದಾಗ, ಯಾರು ಏಕೆ ಎಂದು ಕೇಳದೆ ಒಳಗೆ ಕರೆದು ಚಹಾ ಕೊಟ್ಟಿದ್ದರು.

ಅಕ್ಕ ನನ್ನ ಕಿವಿಗೆ ಬಾಗಿ, "ಚಾದಾಗ ಸಕ್ಕರಿ ಬದಲಿ ಉಪ್ಪು ಹಾಕ್ಯಾರ, ಮ್ಯಾಲ ಬೆಣ್ಣಿ. ಮೂರು ಕಪ್ ಕುಡದ್ನಿ. ದೂರಬಾರದು ಅಂತ ನೀ ಬರದೀಯಲ್ಲ" ಎಂದಳು.

ಎದ್ದೇಳು, ಜೊಯಿಡಾಕ್ಕೆ ಹೋಗೋಣ, ಅಲ್ಲಿ ಎಲ್ಲರೂ ಕಾಯುತ್ತಿದ್ದಾರೆ ಎಂದೆ. ಅಲ್ಲಿಯ ಟೆಂಟು ಹೇಗಿದೆ ಎಂದು ಕೇಳಿದಳು. ನಾನು ಸುಳ್ಳು ಹೇಳುವವಳಲ್ಲ. ಸಿಮೆಂಟಿನದು ಎಂದೆ. ಆಕೆ ತನ್ನ ಹಾಸಿಗೆಯ ಸುರುಳಿ ಬಿಚ್ಚಿ, ಒಳಗಿನ ಬೆಚ್ಚನೆಯ ಮೂಲೆಯಲ್ಲಿ ಹಾಸಿದಳು. ಆ ಮನೆಯ ಹೆಂಗಸು ನನಗೂ ಒಂದು ರಜಾಯಿ ತಂದಳು. ನಾನು ಅದನ್ನು ಅಕ್ಕನ ಪಕ್ಕದಲ್ಲಿ ಹಾಸಲು ಹೋದೆ. ಅಕ್ಕ ಸೆರಗಿನ ಗಂಟು ಬಿಚ್ಚಿ, ಎಂಟು ಮಡಿಕೆಯ ನನ್ನ ಹಾಳೆಯನ್ನು ತೆಗೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ತಡವಾಗಿ ಬಂದವರು, ಬಾಗಿಲ ಬದಿಗೆ, ಮಲಗತಕ್ಕದ್ದು."

ಆರು ತಾಸು ತಡ ನಿಜ, ಆದರೆ ಅದಕ್ಕೆ ಕಾರಣವಿದೆ ಎಂದೆ.

"ಆರು ತಾಸಲ್ಲ. ನಲವತ್ತೇಳು ವರ್ಷ" ಎಂದಳು.

ನಿಯಮ ಮಾಡಿದವಳೇ ಮುರಿದರೆ ಹೇಗೆ? ಬಾಗಿಲ ಬದಿಗೆ ಹಾಸಿ ಮಲಗಿದೆ. ಇಬ್ಬನಿ ಬೀಳಲು ಶುರುವಾಗಿತ್ತು. ಒಂದು ನಾಯಿ ಬಂದು, ಯಾವ ಸಂಕೋಚವೂ ಇಲ್ಲದೆ ನನ್ನ ಕಾಲಿಗೆ ಒರಗಿತು. ಬೆನ್ನ ಕೆಳಗೆ ಒಂದು ಕಲ್ಲು. ತಲೆ ಹೊರಳಿಸಿದರೆ, ಬಟ್ಟೆಯ ಅಂಚಿನಾಚೆ, ಒಂದೇ ಒಂದು ಮೋಡವಿಲ್ಲದ ಆಕಾಶ.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಕ್ಕ ಕೇಳಿದಳು, ಆಕಾಶ ಕಾಣುತ್ತದೆಯೇ ಎಂದು. ಕಾಣುತ್ತದೆ ಎಂದೆ. ಪೂರ್ತಿಯೇ ಎಂದಳು. ಪೂರ್ತಿ ಎಂದೆ. ಇಲ್ಲಿಂದ ಬರೇ ನಿನ್ನ ತಲೆ ಕಾಣುತ್ತದೆ ಎಂದಳು. ಬೇಕಾದರೆ ಜಾಗ ಬದಲಿಸೋಣ ಎಂದು ನಾನೇ ಎದ್ದು ಕೂತೆ. ಆಕೆ ಒಪ್ಪಲಿಲ್ಲ. ಬರೆದದ್ದು ಬರೆದದ್ದೇ, ನಾನು ಸಮಯಕ್ಕೆ ಬಂದವಳು ಎಂದಳು. ಹಾಳೆ ಮಡಚುವ ಸದ್ದು ಕೇಳಿಸಿತು. ಆಮೇಲೆ, ಬಹಳ ಯೋಚಿಸಿ ನಿರ್ಧರಿಸಿದವಳ ಹಾಗೆ ಹೇಳಿದಳು:

"ನಾಳೆ ನಾ ತಡಾ ಮಾಡಿ ಬರ್ತೇನಿ."